ಗಂಡನ ಹೆಸರು ಕೇಳಿದ ದಿನ

ಆಗ ನನಗೆ ಅರವತ್ತು ದಾಟಿ ಎರಡೋ ಮೂರೋ ವರ್ಷ. ಅದಾಗಿ ಈಗ ಐದು ವರ್ಷ. ಅಕ್ಷರ ನನಗೆ ಅಷ್ಟಕ್ಕಷ್ಟೆ, ಕೂಡಿಸಿ ಕೂಡಿಸಿ ಬರೆಯುತ್ತೇನೆ.

ನನ್ನ ಮಗ ಲಾರಿ ಓಡಿಸುತ್ತಿದ್ದ. ಖಜೂರಿಯ ನಮ್ಮ ಮನೆಯ ಮುಂದೆಯೇ ಮಹಾರಾಷ್ಟ್ರಕ್ಕೆ ಹೋಗುವ ರಸ್ತೆ. ವಾರಕ್ಕೊಮ್ಮೆ ಬರುತ್ತಿದ್ದ, ಬಂದಾಗಲೆಲ್ಲ ಹೆಂಡತಿಯನ್ನು ಹೊಡೆಯುತ್ತಿದ್ದ. ಕುಡಿದು ಹೊಡೆಯುತ್ತಾನೆ ಎಂದು ಓಣಿಯವರು ಅನ್ನುತ್ತಿದ್ದರು. ಸುಳ್ಳು. ಕುಡಿಯದೆಯೂ ಹೊಡೆಯುತ್ತಿದ್ದ. ಒಮ್ಮೆ ಜಾಕಿನ ರಾಡಿನಿಂದ ಸೊಸೆಯ ಕೈ ಮುರಿದ. ಬಿಡಿಸಲು ಹೋದ ನನ್ನನ್ನು ಗೋಡೆಗೆ ನೂಕಿದ. ಅಂದಿನಿಂದ ಹೊರಗೆ ಯಾವ ಲಾರಿಯ ಬ್ರೇಕು ಕಿರುಗುಟ್ಟಿದರೂ ರೊಟ್ಟಿ ಬಡಿಯುವ ಕೈ ನಿಂತುಬಿಡುತ್ತಿತ್ತು, ಅವಳದೂ ನನ್ನದೂ.

ಆ ದಿನಗಳಲ್ಲೇ ಅಂಗನವಾಡಿ ಟೀಚರು ಮನೆಗೆ ಬಂದಳು. ಮನೆಯೊಳಗಿನ ಹೊಡೆತಕ್ಕೆ ಈಗಿರುವ ಕಾಯ್ದೆ ಸಾಲದು, ತಿದ್ದಬೇಕು ಎಂದು ಸರಕಾರ ಒಂದು ಸಮಿತಿ ಮಾಡಿದೆಯಂತೆ. ಆಳಂದ, ಅಫಜಲಪುರ, ಜೇವರ್ಗಿಗೆ ಬಂದು ಹೆಂಗಸರನ್ನೇ ಕೇಳುತ್ತಾರಂತೆ.

“ಅವಗ ಗೊತ್ತಾದ್ರ ಈಕಿನ್ನ ಕೊಂದೇ ಬಿಡ್ತಾನ,” ಎಂದೆ.

“ಹೆಸರು ಹೊರಗ ಬರಂಗಿಲ್ರೀ ಆಯಿ. ಬಾಗಲಾ ಹಾಕ್ಕೊಂಡು ಒಬ್ಬೊಬ್ಬರನ್ನೇ ಕೇಳ್ತಾರ. ಎಲ್ಲಾ ಗುಪ್ತ. ಸರಕಾರದ ಮಾತ್ರೀ.”

ಸೊಸೆ “ಹೋಗೂನ್ರಿ ಅತ್ತಿ,” ಎಂದಳು. ಮಗ ಸೊಲ್ಲಾಪುರದ ಕಡೆ ಬಾಡಿಗೆಗೆ ಹೋಗಿದ್ದ. ನನ್ನ ಪಿಂಚಣಿ ಕೆಲಸ ಎಂದು ಓಣಿಗೆ ಸುಳ್ಳು ಹೇಳಿ ಬಸ್ಸು ಹತ್ತಿದೆವು.

ಆಳಂದದ ಆ ಕಚೇರಿಯಲ್ಲಿ ಒಂದೇ ವರಾಂಡ. ಈ ತುದಿಯ ಕೋಣೆಯಲ್ಲಿ ಸಮಿತಿ, ಆ ತುದಿಯಲ್ಲಿ ರೇಶನ್ ಕಾರ್ಡಿನ ಕೆಲಸ. ಜನವೋ ಜನ. ಗೇಟಿನ ಹತ್ತಿರ ಚಹದ ಗಾಡಿ. ರೇಶನ್ ಕಾರ್ಡಿಗೆ ಬಂದಿದ್ದ ನಮ್ಮ ಓಣಿಯವಳೊಬ್ಬಳು ನಮ್ಮನ್ನು ನೋಡಿ, “ಪಿಂಚಣಿದು ಇಲ್ಲಲ್ಲಬೇ ಆಯಿ, ಹಿಂದಿನ ಕಡಿ,” ಎಂದಳು. ತಲೆಯಾಡಿಸಿದೆ.

ಸೊಸೆಯನ್ನು ಕರೆದು ಬಾಗಿಲು ಹಾಕಿಕೊಂಡರು. ನಾನು ಕಟ್ಟಡದ ಹಿಂದಿದ್ದ ನಳಕ್ಕೆ ನೀರು ಕುಡಿಯಲು ಹೋದೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಮದುವೆ ಮನೆಯಲ್ಲಾದರೆ ಪದ ಕಟ್ಟಿ, ಒಡಪಿನೊಳಗೆ ಸೇರಿಸಿ ಹೇಳಬೇಕು. ಬ್ಯಾಂಕು, ದವಾಖಾನೆಯಲ್ಲಾದರೆ ಪಕ್ಕದಲ್ಲಿದ್ದವರ ಬಾಯಿಂದ ಹೇಳಿಸಬೇಕು. ತನ್ನ ಕೈ ಮುರಿದ ಗಂಡನ ಆಯುಷ್ಯವನ್ನೂ ಹೀಗೆ ಕಾಯಬೇಕು. ಒಳಗಿದ್ದ ಸಮಿತಿಯ ಮೇಡಂ ಮೊದಲು ಕೇಳಿದ್ದೇ ಗಂಡನ ಹೆಸರು. ಸೊಸೆ ಸೆರಗು ಬಾಯಿಗೆ ಹಿಡಿದು ನಿಂತಳಂತೆ. ದೂರದೂರಿನ ಮೇಡಂಗೆ ಏನೂ ತಿಳಿಯಲಿಲ್ಲ. ಇಲ್ಲಿಯವನೇ ಆದ ಜವಾನನಿಗೆ ತಿಳಿಯಿತು. ದಿನಾ ಮಾಡುವ ಹಾಗೆಯೇ ಬಾಗಿಲು ತೆರೆದು ವರಾಂಡಕ್ಕೆ ಕೂಗಿದ:

“ಖಜೂರಿಯವರು ಯಾರದೀರಿ? ಈ ತಂಗಿ ಗಂಡನ ಹೆಸರು ಹೇಳ್ರಿ ಯಾರರ!”

“ಒಡಪು ಹಾಕಬೇ ತಂಗಿ, ನಾವೂ ಕೇಳ್ತೀವಿ!” ಎಂದು ಯಾರೋ ನಕ್ಕರು.

“ತಡೀರಿ, ನಾ ಹೇಳ್ತೇನಿ,” ಎಂದಳು ನಮ್ಮ ಓಣಿಯವಳು. ಉಪಕಾರ ಮಾಡುತ್ತಿದ್ದೇನೆ ಎಂದೇ ಅವಳ ಎಣಿಕೆ. ನನ್ನ ಮಗನ ಹೆಸರು, ಅವನ ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಕೂಗಿ, “ಲಾರಿ ಡ್ರೈವರ್ ಅದಾನ್ರೀ!” ಎಂದೂ ಸೇರಿಸಿದಳು.

ನಳದ ಹತ್ತಿರ ನನಗೆ ಕೇಳಿತು. ಓಡಿ ಬಂದೆ. ಚಹದ ಗಾಡಿಯ ಮುಂದೆ ನಿಂತವನೊಬ್ಬ ತಿರುಗಿ ನೋಡುತ್ತಿದ್ದ. ಮಗನ ಜೋಡಿ ಲಾರಿ ಓಡಿಸುವವನು. ಕೋಣೆಯ ಮೇಲೆ ಕಟ್ಟಿದ್ದ ಸಮಿತಿಯ ಬ್ಯಾನರನ್ನು ಪೂರ್ತಿ ಓದಿದ. ಚಹದ ಕಪ್ಪು ಕೆಳಗಿಟ್ಟ. ಫೋನು ಕಿವಿಗೆ ಹಚ್ಚಿಕೊಂಡು ಗೇಟು ದಾಟಿದ.

ಸೊಸೆ ಹೊಡೆತದ ಬಗ್ಗೆ ಸಮಿತಿಗೆ ಏನೂ ಹೇಳದೆ ಹೊರಗೆ ಬಂದಳು. ಹಿಂದೆಯೇ ಬಂದ ಮೇಡಂ, “ಹೆದರಬೇಡಿ ಅಮ್ಮ, ಎಲ್ಲ ಗೌಪ್ಯವಾಗಿ ಇರುತ್ತೆ,” ಎಂದಳು.

“ಇನ್ನೇನು ಗೌಪ್ಯರೀ? ಚಾದಂಗಡಿತನಾ ಕೇಳ್ತು,” ಎಂದೆ.

ಆ ಸಮಿತಿ ಏನು ಬರೆಯಿತು, ಕಾಯ್ದೆಯಲ್ಲಿ ಏನು ತಿದ್ದಿಸಿತು ಎಂದು ಆಮೇಲೆ ಕಚೇರಿಗೆ ಹೋಗಿ ಹಲವು ಸಲ ಕೇಳಿದ್ದೇನೆ. ವರದಿ ಗೌಪ್ಯ ಎನ್ನುತ್ತಾರೆ. ತಮ್ಮ ಕಾಗದ ಕಾಯುವುದು ಅವರಿಗೆ ಚೆನ್ನಾಗಿ ಬರುತ್ತದೆ. ನಮಗಾಗಿ ಒಂದು ಬಾಗಿಲು ಮುಚ್ಚಿಡಲು ಬರಲಿಲ್ಲ.

ಅಂದು ಸಂಜೆ ಮೊಮ್ಮಗಳು ಶಾಲೆ ಬಿಟ್ಟು ಮನೆಗೆ ಬರುವವಳಿದ್ದಳು. ಆದ್ದರಿಂದ ಮನೆಗೇ ಹೋಗಬೇಕಾಯಿತು. ಬಸ್ಸಿನಲ್ಲಿ ಸೊಸೆ ನನ್ನ ಕೈ ಹಿಡಿದುಕೊಂಡಿದ್ದಳು, ಉಗುರು ಚುಚ್ಚುವಷ್ಟು ಬಿಗಿಯಾಗಿ. ಮನೆ ಮುಟ್ಟಿದ ಕೂಡಲೇ ಕುಡಗೋಲು, ಕೊಡಲಿ, ಒನಕೆ ಎಲ್ಲ ಒಯ್ದು ಹಿತ್ತಲಿನ ಕಟ್ಟಿಗೆಯ ಕೆಳಗೆ ತುರುಕಿದೆ.

ದೀಪ ಹಚ್ಚುವ ಹೊತ್ತಿಗೆ ಲಾರಿ ಬಂತು. ಒಳಗೆ ಬಂದ ಮಗ ನಗುತ್ತಿದ್ದ.

“ಅವ್ವಾ, ಆಳಂದ ಹೆಂಗಿತ್ತು?”

ನಾನು ತಂಬಿಗೆಯಲ್ಲಿ ನೀರು ಕೊಟ್ಟೆ. ಕೈಕಾಲು ತೊಳೆದು ಊಟಕ್ಕೆ ಕೂತ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ಕೊಟ್ಟ. ಮತ್ತೊಂದು ರೊಟ್ಟಿ ಹಾಕಿಸಿಕೊಂಡ. ಆಮೇಲೆ ಹೆಂಡತಿಯನ್ನು ಕೇಳಿದ, “ಸರಕಾರಕ್ಕ ಏನೇನ್ ಹೇಳಿ ಬಂದಿಬೇ?”

“ಏನೂ ಹೇಳಿಲ್ರಿ.”

ಅದು ನಿಜವೇ ಆಗಿತ್ತು.

“ಅಂಜಬ್ಯಾಡ. ಇವತ್ತ ಹೊಡ್ಯಂಗಿಲ್ಲ. ಹೊಡದ್ರ ಗುರುತು ಕಾಣಸ್ತಾವ. ಆ ಮಂದಿ ನಾಳಿಗಿ ಅಫಜಲಪುರಕ್ಕ ಹೊಂಟಾರಂತ. ಅವರ ಗಾಡಿ ಊರು ದಾಟಲಿ,” ಎಂದು ತಾಟಿನಲ್ಲೇ ಕೈ ತೊಳೆದ.

ಅವನು ಹೊಡೆದಾಗಲೆಲ್ಲ ಅಂಜಿದ್ದೇನೆ. ಅಂದು ಹೊಡೆಯದೆ ಕೂತಿದ್ದಾಗ ಅಂಜಿದಷ್ಟು ಎಂದೂ ಅಂಜಿರಲಿಲ್ಲ. ಅವನು ಹೊರಸಿನ ಮೇಲೆ ಮಲಗಿ ಗೊರಕೆ ಹೊಡೆದ. ಸೊಸೆ ಮಗಳನ್ನು ಅವಚಿಕೊಂಡು ನನ್ನ ಬೆನ್ನಿಗೆ ಅಂಟಿ ಮಲಗಿದಳು.

ಮರುದಿನ ಬೆಳಿಗ್ಗೆ ಅವನು ಲಾರಿಯ ಟೈರು ನೋಡುತ್ತ ಬಗ್ಗಿದ್ದ. ಹುಡುಗಿಯನ್ನು ಶಾಲೆಗೆ ಬಿಟ್ಟು ಬರುತ್ತೇವೆ ಎಂದು ಹೇಳಿ, ಪಾಟಿಚೀಲದಲ್ಲಿ ಅವಳ ಒಂದು ಜೊತೆ ಅರಿವೆ ಇಟ್ಟುಕೊಂಡು ಹೊರಟೆವು. ಶಾಲೆ ದಾಟಿ ಬಸ್ಸು ಹತ್ತಿದೆವು. ಜೇವರ್ಗಿಯಲ್ಲಿ ನನ್ನ ತಂಗಿಯ ಮನೆ, ಅವಳ ಗಂಡ ಪೊಲೀಸ್ ಪೇದೆಯಾಗಿದ್ದವನು. ತಾಯಿ ಮಗಳನ್ನು ಅಲ್ಲಿ ಬಿಟ್ಟು ಠಾಣೆಗೆ ಹೋಗಿ, ನನ್ನ ಮಗನ ಮೇಲೆ ದೂರು ಬರೆಸಿದೆ. ಸಹಿ ಮಾಡುವಾಗ ಕೈ ನಡುಗಿ ಅಕ್ಷರ ಕೆಟ್ಟವು. “ಹೆಬ್ಬಟ್ಟು ಒತ್ತರಿ, ನಡೀತದ,” ಎಂದ ಬರೆಯುವವ. ಒಲ್ಲೆ ಎಂದೆ. ಕೈ ನಿಲ್ಲುವವರೆಗೆ ಬೆಂಚಿನ ಮೇಲೆ ಕೂತಿದ್ದು, ಸಹಿಯನ್ನೇ ಮಾಡಿದೆ.