ನೀರಿಲ್ಲದ ಊರಿನ ನೀಲಿ ಗೆರೆ

ನಮ್ಮ ಭೂಗೋಳದ ಟೀಚರ್ ಅವರ ಬಲಗೈ ತೋರುಬೆರಳಿನ ತುದಿ ಸದಾ ಕಪ್ಪಾಗಿರುತ್ತಿತ್ತು. ಕಂಪ್ಯೂಟರ್ ಪರದೆಗೆ ಟ್ರೇಸಿಂಗ್ ಪೇಪರ್ ಅಂಟಿಸಿ, ಪೆನ್ಸಿಲ್‌ನಿಂದ ನಕ್ಷೆ ತಿದ್ದಿ, ಬೆಟ್ಟದ ನೆರಳನ್ನು ಬೆರಳಿನಿಂದಲೇ ಉಜ್ಜುತ್ತಿದ್ದರು. ಅವರು ಮುಟ್ಟಿದ ಮೌಸೂ ಕಪ್ಪು. ಲ್ಯಾಬಿನ ಸರ್ ಗೊಣಗಿದರೆ, "ಪ್ರಿಂಟ್ ತೆಗೆದ್ರೆ ಕಣ್ಣು ಮಾತ್ರ ನೋಡ್ತದೆ. ಗೆರೆ ಎಳೆದ್ರೆ ಕೈಗೂ ಊರು ಗೊತ್ತಾಗ್ತದೆ, ಅಲ್ವಾ?" ಎನ್ನುತ್ತಿದ್ದರು. ಉಡುಪಿ ಕಡೆಯವರು, ಮಸ್ಕತ್‌ನಲ್ಲಿ ಅಷ್ಟು ವರ್ಷ ಕಳೆದರೂ ಆ ರಾಗ ಬಿಟ್ಟಿರಲಿಲ್ಲ.

ಕಚ್ಚಾ ಎಣ್ಣೆಯ ಬೆಲೆ ನೆಲ ಕಚ್ಚಿ, ಗಲ್ಫಿನಲ್ಲಿ ಅಪ್ಪಂದಿರ ಕೆಲಸ ಹೋಗುತ್ತಿದ್ದ ವರ್ಷಗಳವು. ಇವತ್ತು ಪಕ್ಕದಲ್ಲಿ ಕೂತವಳು ಮುಂದಿನ ವಾರ ಮಂಗಳೂರಿನಿಂದ ಮೆಸೇಜ್ ಮಾಡುತ್ತಿದ್ದಳು. ಶಾಲೆಗೆ ಹೊಸ ಪುಸ್ತಕ ಬರುವುದು ನಿಂತಿತ್ತು. ನಾನು ಹನ್ನೆರಡನೇ ಕ್ಲಾಸು. ನಗರ ಮತ್ತು ಪರಿಸರ ನನ್ನ ಪ್ರಾಜೆಕ್ಟ್. ನೆಟ್‌ನಲ್ಲಿ ಎಷ್ಟು ಹುಡುಕಿದರೂ ಪ್ರವಾಸಿಗರ ನಕ್ಷೆಗಳೇ ಬರುತ್ತವೆ ಎಂದು ಟೀಚರ್ ಮುಂದೆ ಅಳುಮೋರೆ ಹಾಕಿದೆ.

"ಮನೆ ಯಜಮಾನನ ಹತ್ರ ಅವನ ಭಾಷೆಯಲ್ಲೇ ಕೇಳ್ಬೇಕು ಮಾರಾಯ್ತಿ" ಎಂದರು.

ದೇಶದ ಹೆಸರನ್ನೂ ‘ರಾಷ್ಟ್ರೀಯ ಅಟ್ಲಾಸ್’ ಎಂಬ ಮಾತನ್ನೂ ಆ ದೇಶದ ಲಿಪಿಯಲ್ಲೇ ಹಾಕಿ ಹುಡುಕುವುದು ಅವರ ಪದ್ಧತಿ. ಹಾಗೆ ತೆರೆದುಕೊಂಡ ಪುಟಗಳನ್ನು ಹೇಗೆ ಮರೆಯಲಿ! ಒಂದು ದೇಶ ತನ್ನ ಹಿಮವನ್ನು ಮೊದಲು ತೋರಿಸಿತು. ಇನ್ನೊಂದು ತನ್ನ ಪೇಟೆಗಳ ಹೊಗೆ ಯಾರ ಮನೆ ಕಡೆ ಹೋಗುತ್ತದೆಂದು ಬಣ್ಣ ಹಚ್ಚಿ ಹೇಳಿತು. ಟೀಚರ್ ಪ್ರತಿಸಲವೂ "ಅಬ್ಬಾ ದೇವ್ರೇ!" ಎಂದು ಬಾಯಿ ತೆರೆದು ಕೂರುತ್ತಿದ್ದರು. "ಇಡೀ ದೇಶ ಬಾಗಿಲು ತೆಗೆದು ಒಳಗೆ ಕರೀತಾ ಉಂಟು. ವೀಸಾ ಕೇಳ್ಲಿಲ್ಲ ನೋಡು!" ವೀಸಾದ ಚಿಂತೆ ಬಿಟ್ಟು ಬೇರೆ ಮಾತೇ ಇಲ್ಲದ ಮನೆಯಿಂದ ಬಂದಿದ್ದ ನನಗೆ ಮೈ ಜುಮ್ಮೆನ್ನುತ್ತಿತ್ತು.

ಅಪ್ಪ ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಸಂಬಳ ಕಡಿತವಾದ ಮೇಲೆ ಅಲ್ ಮವಾಲೇಹ್‌ನಲ್ಲಿ ನೆಲಮಹಡಿಯ ಅಗ್ಗದ ಮನೆಯೊಂದನ್ನು ನೋಡಿಟ್ಟಿದ್ದರು. ಅದು ಸಿಕ್ಕರೆ ಉಳಿದೆವು. ಇಲ್ಲದಿದ್ದರೆ ಪರೀಕ್ಷೆಗೆ ಮುಂಚೆಯೇ ನಾನೂ ಅಮ್ಮನೂ ಮೈಸೂರಿಗೆ. ಹೇಗೂ ಹೋಗಲಿರುವ ಜಾಗವೆಂದು ಪ್ರಾಜೆಕ್ಟಿಗೂ ಅದನ್ನೇ ಆರಿಸಿಕೊಂಡೆ. ಒಮಾನಿನ ಅರಬ್ಬಿ ಅಟ್ಲಾಸಿನ ನೀರಿನ ಪುಟದಲ್ಲಿ ಬೆಟ್ಟದಿಂದ ಇಳಿದ ಒಂದು ನೀಲಿ ಗೆರೆ ಆ ಕಡೆಗೇ ಬರುತ್ತಿತ್ತು. ಅದು ವಾದಿ, ಮಳೆ ಬಂದಾಗ ಮಾತ್ರ ಹರಿಯುವ ಒಣಹೊಳೆ. ಟ್ರೇಸಿಂಗ್ ಪೇಪರಿನಲ್ಲಿ ಅದನ್ನು ತಿದ್ದುತ್ತಿದ್ದ ಟೀಚರ್ ಬೆರಳು ಗೆರೆ ತಿರುಗುವಲ್ಲೇ ನಿಂತಿತು.

"ದೇಶದ ಅಟ್ಲಾಸಿನಲ್ಲಿ ನಿನ್ನ ಬೀದಿ ಕಾಣುವುದಿಲ್ಲ. ಯಾವ ಕಡೆ ನಡೀಬೇಕು ಅಂತ ಮಾತ್ರ ಕಾಣ್ತದೆ. ನಡಿ, ಹೋಗುವ."

ಶುಕ್ರವಾರ ಬೆಳಗ್ಗೆ ಅಪ್ಪನನ್ನೂ ಹೊರಡಿಸಿದರು. ಅಪ್ಪನಿಗೆ ಕಿರಿಕಿರಿ. "ಮೇಡಂ, ಮಳೆನೇ ಬರದಿರೋ ಊರಲ್ಲಿ ಹೊಳೆ ಎಲ್ಲಿಂದ ಬರುತ್ತೆ?"

ಟೀಚರ್ ಆ ಮನೆಯ ಕಾಂಪೌಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಕೊಡೆಯ ತುದಿಯಿಂದ ಮಣ್ಣು ಕೆದಕಿ, ಒಂದು ದುಂಡನೆಯ ಬೆಣಚುಕಲ್ಲನ್ನು ಅಪ್ಪನ ಅಂಗೈಗೆ ಹಾಕಿದರು. "ಕಲ್ಲು ಇಷ್ಟು ಉರುಟಾಗ್ಲಿಕ್ಕೆ ಎಷ್ಟು ಕಾಲ ನೀರು ಓಡಿರ್ಬೇಕು ಸರ್? ನಾವು ಮರೀತೇವೆ. ನೀರು ದಾರಿ ಮರೆಯುವುದಿಲ್ಲ."

ಅಪ್ಪ ಅದನ್ನು ಹೊರಳಿಸಿ ಹೊರಳಿಸಿ ನೋಡಿದರು. ಕಲ್ಲನ್ನು ಜೇಬಿಗೆ ಹಾಕಿಕೊಂಡರು. ಆ ಮನೆ ಬಿಟ್ಟೆವು. ಅಪ್ಪನ ಸಹೋದ್ಯೋಗಿಯೊಬ್ಬರು ತಮ್ಮ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಒಂದು ಕೋಣೆ ಕೊಟ್ಟರು. ಅಡುಗೆಮನೆಯಲ್ಲಿ ಇಬ್ಬರು ಹೆಂಗಸರ ಜಟಾಪಟಿ ಕೇಳುತ್ತಲೇ ಓದಿ ಪಾಸಾದೆ.

ಆ ವರ್ಷವೇ ಶಾಲೆ ಭೂಗೋಳವನ್ನು ಕೈಬಿಟ್ಟಿತು. "ಖಲಾಸ್!" ಎಂದು ಟೀಚರ್ ಕಪ್ಪು ಬೆರಳನ್ನು ಸೆರಗಿಗೆ ಒರೆಸಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಅವರು ಊರಿಗೆ ಹೋದರು.

ಮುಂದಿನ ಚಳಿಗಾಲದಲ್ಲಿ ಆಕಾಶವೇ ಹರಿದುಬಿತ್ತು. ಮಳೆ ನಿಂತ ಬೆಳಗ್ಗೆ ಅಪ್ಪನೂ ನಾನೂ ಆ ಮನೆ ಕಡೆಗೆ ಓಡಿದೆವು. ಕೆಂಪು ನೀರು ಟೀಚರ್ ಎಳೆದ ಗೆರೆಯ ಹಾಗೆಯೇ ತಿರುವು ತೆಗೆದುಕೊಂಡು, ಆ ನೆಲಮಹಡಿಯನ್ನು ಕಿಟಕಿಯವರೆಗೆ ತುಂಬಿತ್ತು. ಒಳಗೆ ಯಾರಿದ್ದರೋ!

ಮನೆಯೊಡೆಯರಾದ ಒಮಾನಿ ಅಜ್ಜ ಎತ್ತರದಲ್ಲಿ ನಿಂತಿದ್ದರು. ಅಪ್ಪನ ಗುರುತು ಹಿಡಿದು ಹಿಂದಿಯಲ್ಲಿ "ಅಂದರ್ ಕೋಯಿ ನಹೀಂ" ಎಂದರು. ಒಳಗೆ ಯಾರೂ ಇಲ್ಲ. ಟೀಚರ್ ಊರಿಗೆ ಹೊರಡುವ ಮೊದಲು ಟ್ರೇಸಿಂಗ್ ಪೇಪರ್ ಹಿಡಿದು ಒಬ್ಬರೇ ಬಂದು, ಈ ಗೆರೆ ನಿಮಗೆ ನೆನಪಿದೆಯೇ ಎಂದು ಕೇಳಿದ್ದರಂತೆ. ಚಿಕ್ಕಂದಿನಲ್ಲಿ ಅಲ್ಲೇ ಆಡುಗಳಿಗೆ ನೀರು ಕುಡಿಸಿದ್ದು ಅಜ್ಜನಿಗೆ ಆಗ ನೆನಪಾಯಿತಂತೆ. ಅಂದಿನಿಂದ ಕೆಳಗಿನ ಮನೆಯನ್ನು ಯಾರಿಗೂ ಬಾಡಿಗೆಗೆ ಕೊಡಲಿಲ್ಲವಂತೆ. ಇದನ್ನು ಟೀಚರ್ ನಮ್ಮೊಡನೆ ಒಮ್ಮೆಯೂ ಆಡಿರಲಿಲ್ಲ.

ಅಲ್ಲಿಂದಲೇ ಟೀಚರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಗೆರೆ ತಿರುಗಿದಲ್ಲೇ ತಿರುಗಿತಾ?" ಎಂದರು.

"ಅಲ್ಲೇ ಟೀಚರ್."

ಆ ಕಡೆಯಿಂದ ಮೆಲ್ಲಗೆ, "ಅಬ್ಬಾ ದೇವ್ರೇ!"

ಟೀಚರ್ ಈಗಿಲ್ಲ. ನಾನು ನಗರಗಳಲ್ಲಿ ನೆರೆ ನುಗ್ಗುವ ಜಾಗಗಳ ನಕ್ಷೆ ಮಾಡಿ ಅನ್ನ ತಿನ್ನುತ್ತಿದ್ದೇನೆ. ಅದು ಅವರು ಹಾಕಿದ ಅನ್ನ. ಹೊಸ ದೇಶದ ಅಟ್ಲಾಸ್ ತೆರೆದಾಗಲೆಲ್ಲ ಮೈಸೂರಿನವಳಾದ ನನ್ನ ಬಾಯಲ್ಲೂ ಅವರ ರಾಗದಲ್ಲೇ "ಅಬ್ಬಾ ದೇವ್ರೇ" ಬರುತ್ತದೆ. ಆಮೇಲೆ ಕಂಪ್ಯೂಟರ್ ಮುಚ್ಚಿ, ನೀಲಿ ಗೆರೆ ಹಾದುಹೋಗುವಲ್ಲಿ ಯಾರಿದ್ದಾರೆಂದು ನೋಡಲು ಚಪ್ಪಲಿ ಮೆಟ್ಟಿಕೊಳ್ಳುತ್ತೇನೆ.