ಹೊಡೆಯದೆ ಉಳಿದ ಎರಡನೆಯ ಗುಂಡು

ಇವತ್ತು ಬೆಳಿಗ್ಗೆ ಸೇಫ್ಟಿ ಪಿನ್ ಹುಡುಕಲು ಮೇಜಿನ ಖಾನೆ ಎಳೆದೆ. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಈ ಪಿನ್ನುಗಳು ಎಲ್ಲಿ ಹೋಗಿ ಅಡಗುತ್ತವೋ, ಬಲ್ಲವರು ನನಗೂ ತಿಳಿಸಬೇಕು. ತುಂಡು ಸೀಮೆಸುಣ್ಣ, ಕ್ಯಾಪಿಲ್ಲದ ಪೆನ್ನು, ಯಾರದೋ ಮದುವೆಯಲ್ಲಿ ಕೊಟ್ಟ ಕುಂಕುಮದ ಡಬ್ಬಿ, ಇವುಗಳ ನಡುವೆ ಕೈಗೆ ಸಿಕ್ಕಿದ್ದು ಪಿನ್ನಲ್ಲ, ಒಂದು ತೋಟೆ. ತೋಟೆ ಅಂದರೆ ಕೋವಿಗೆ ತುಂಬುವ ಗುಂಡು. ಹೆಬ್ಬೆರಳಿನಷ್ಟು ದಪ್ಪ, ಮೈಯೆಲ್ಲ ಕೆಂಪು, ಬುಡಕ್ಕೆ ಹಿತ್ತಾಳೆಯ ಕಟ್ಟು. ಮೂಗಿನ ಹತ್ತಿರ ಹಿಡಿದರೆ ಈಗಲೂ ಕೋವಿಯ ಎಣ್ಣೆಯ ವಾಸನೆ ಬರುತ್ತದೆ.

ಗಾಬರಿಯಾಗಬೇಡಿ. ನಾನು ನಾಲ್ಕನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುವವಳು. ಜಿರಳೆಗೆಂದು ಎತ್ತಿದ ಚಪ್ಪಲಿಯನ್ನು ಕೊನೆಗಳಿಗೆಯಲ್ಲಿ ಇಳಿಸಿ, ಅದಕ್ಕೆ ಓಡಿಹೋಗಲು ದಾರಿ ಬಿಡುವವಳು. ಈ ತೋಟೆಯನ್ನು ನನ್ನ ಕೈಗೆ ಕೊಟ್ಟದ್ದೇ ಅದು ಹಾರದೆ ಇರಲಿ ಎಂದು. ಕೆಳಗಿನ ಮನೆಯಲ್ಲಿ, ನನಗೆ ಮಹಡಿ ಬಾಡಿಗೆಗೆ ಕೊಟ್ಟ ಬೊಳ್ಳಕ್ಕನ ಟಿವಿ ಉರಿಯುತ್ತಿತ್ತು. ಗಡಿಯಲ್ಲಿ ಮತ್ತೆ ಗುಂಡಿನ ಚಕಮಕಿಯಂತೆ. ಮೆಟ್ಟಿಲಿನಿಂದ ಬಗ್ಗಿ ನೋಡಿದರೆ ಕೆಂಪು ಅಕ್ಷರಗಳು ಓಡುವುದೂ ನಾಲ್ಕು ಜನ ಬಾಯಿ ತೆರೆದು ಮುಚ್ಚುವುದೂ ಕಾಣುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಆ ಮನೆಯಲ್ಲಿ ಯುದ್ಧದ ಸುದ್ದಿಗೆ ಸದ್ದು ಕೊಡುವ ಪದ್ಧತಿ ಇಲ್ಲ. ಅದು ಶುರುವಾದ ವರ್ಷದ ಕತೆಯನ್ನೇ ನಿಮಗೆ ಹೇಳಬೇಕಾಗಿದೆ.

ನಾನು ಕೊಡ್ಲಿಪೇಟೆಯವಳು. ನಮ್ಮದು ಅಂಗಡಿಯ ಮನೆ. ನಾನು ಬೆಳೆಯುವಾಗ ಕೇಳಿದ ಅತಿ ದೊಡ್ಡ ಸದ್ದು ಅಪ್ಪ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವುದು. ಮೂರ್ನಾಡಿನ ಹತ್ತಿರದ ಶಾಲೆಗೆ ವರ್ಗವಾಗಿ, ಬೊಳ್ಳಕ್ಕನ ಮಹಡಿಯನ್ನು ಬಾಡಿಗೆಗೆ ಹಿಡಿದಾಗ, ಒಂದೇ ಜಿಲ್ಲೆಯೊಳಗೆ ಇಷ್ಟು ದೂರ ಬರಬಹುದೆಂದು ನನಗೆ ತಿಳಿದಿರಲಿಲ್ಲ. ಮನೆಯವರು ಮಾತಾಡುವುದು ಅರೆಭಾಷೆ, ಅಂಗಡಿಯಲ್ಲಿ ಮಲಯಾಳ, ಬಸ್ಸಿನಲ್ಲಿ ಕೊಡವ ತಕ್ಕು, ನನ್ನ ಹತ್ತಿರ ಮಾತ್ರ ಎಲ್ಲರೂ ಕಷ್ಟಪಟ್ಟು ಪುಸ್ತಕದ ಕನ್ನಡ. ಒಂದು ವರ್ಷ ಇದ್ದು ಹೋಗೋಣವೆಂದು ಬಂದವಳು ಇನ್ನೂ ಇಲ್ಲೇ ಇದ್ದೇನೆ. ಇದಕ್ಕೆ ಬೊಳ್ಳಕ್ಕನ ಕಾಫಿಯೂ ಕಾರಣ, ನನ್ನ ಸೋಮಾರಿತನವೂ ಕಾರಣ.

ಬಂದ ಹೊಸತರಲ್ಲಿ ಒಂದು ಸಂಜೆ, ಅಕ್ಕಿರೊಟ್ಟಿ ತಟ್ಟುತ್ತಿದ್ದ ಬೊಳ್ಳಕ್ಕ ಎಲ್ಲೋ ಕೇಳಿದ ಗುಂಡಿನ ಸದ್ದಿಗೆ ಕೈ ನಿಲ್ಲಿಸಿದರು. ಇನ್ನೊಂದು ಗುಂಡು ಕೇಳಿತು. "ಎರಡು," ಎಂದು ಎದ್ದು, ಒಲೆ ಆರಿಸಿ, ಶಾಲು ಹೊದ್ದು ಹೊರಟೇಬಿಟ್ಟರು. ಯಾರೋ ಹಂದಿ ಹೊಡೆದಿರಬೇಕು, ಪಾಲಿಗೆ ಹೋಗಿದ್ದಾರೆ ಎಂದುಕೊಂಡೆ. ಅವರು ತಿರುಗಿ ಬಂದಾಗ, ಮಾಂಸ ತಿನ್ನದ ಮನೆಯವಳಾದರೂ ವಿಚಾರಿಸುವುದು ಮರ್ಯಾದೆಯೆಂದು, "ಎಲ್ಲರಿಗೂ ಸಿಕ್ತಾ ಅಕ್ಕ?" ಅಂತ ಕೇಳಿದೆ.

ಬೊಳ್ಳಕ್ಕ ನನ್ನ ಮುಖವನ್ನೇ ನೋಡಿದರು. "ಟೀಚರೆ, ಅದ್ ಹಂದಿ ಅಲ್ಲ. ಮೇಲಿನ ಮನೆ ಅಜ್ಜ."

ಹೀಗೆ ನನಗೆ ಪಾಠವಾಯಿತು. ಈ ಕಡೆ ಸಾವಾದ ಮನೆಯ ಅಂಗಳದಿಂದ ಒಂದರ ಹಿಂದೆ ಒಂದು, ಎರಡು ಗುಂಡು ಹಾರುತ್ತದೆ. ಗಂಡು ಹುಟ್ಟಿದರೆ ಒಂದು. ಫೋನು ಬರುವುದಕ್ಕೆ ಎಷ್ಟೋ ಮೊದಲಿನ ಕ್ರಮ, ಫೋನು ಬಂದಮೇಲೂ ಬಿಟ್ಟಿಲ್ಲ. ಎರಡು ಕೇಳಿದರೆ ಊರು ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತದೆ, ಯಾರ ಮನೆ ಎಂದು ದಾರಿಯಲ್ಲಿ ಕೇಳಿಕೊಳ್ಳುತ್ತದೆ.

ಬೊಳ್ಳಕ್ಕನ ಗಂಡ ತೀರಿಹೋಗಿದ್ದರು. ಮಗ ಗಣೇಶ ಸೈನ್ಯದಲ್ಲಿ, ಉತ್ತರದ ಗಡಿಯಲ್ಲಿ. ಮನೆಯಲ್ಲಿ ಸೊಸೆ ಶೈಲ. ಆಗ ತುಂಬು ಬಸುರಿ. ಅವಳ ತಾಯಿ ಇರಲಿಲ್ಲವಾದ್ದರಿಂದ ಚೊಚ್ಚಲ ಹೆರಿಗೆಗೂ ಅತ್ತೆಯ ಬಳಿಯೇ ಉಳಿದಿದ್ದಳು. ಗದ್ದೆಯಲ್ಲಿ ತೆನೆ ಬಲಿಯುವ ಕಾಲ ಅದು. ಗಡಿಯಲ್ಲಿ ಎರಡು ದೇಶಗಳೂ ಗುಂಡಿಗೆ ಗುಂಡು, ಮಾತಿಗೆ ಮಾತು ಶುರುಮಾಡಿದ್ದವು. ಗಣೇಶನ ಫೋನು ಮೊದಲು ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ಟಿವಿಯಲ್ಲಿ ಮಾತ್ರ ಹಗಲಿಡೀ ಸೈರನ್ನು, ನಕ್ಷೆ, ಕಿರುಚಾಟ. ಟೈ ಕಟ್ಟಿದ ಒಬ್ಬ ಮನುಷ್ಯ ಮೇಜು ಗುದ್ದಿ, ನುಗ್ಗಿಬಿಡಬೇಕು ಎಂದು ಕೂಗುತ್ತಿದ್ದ.

"ನುಗ್ಗುದು ಇಂವನ ಮಗ ಅಲ್ಲ," ಎಂದು ಬೊಳ್ಳಕ್ಕ ಸದ್ದು ಅಡಗಿಸಿದರು. ಪೂರ್ತಿ ಆರಿಸಲು ಮನಸ್ಸಿಲ್ಲ, ಎಲ್ಲಾದರೂ ಮಗನ ಮುಖ ಹಾದುಹೋದರೆ ಎಂಬ ಆಸೆ. ಒಮ್ಮೆ ಆ ಮೂಕ ಪರದೆ ನೋಡುತ್ತಲೇ, "ಆಚೆ ಊರಿನವಕ್ಕೂ ಇಂಥದ್ದ್ ಎಂತಾರು ಲೆಕ್ಕ ಇರ್ದಾ ಟೀಚರೆ? ಸತ್ತರೆ ಇಷ್ಟು, ಹುಟ್ಟಿರೆ ಇಷ್ಟು ಅಂತ?" ಎಂದು ಕೇಳಿದರು. ನಾನು ಸಮಾಜ ವಿಜ್ಞಾನವನ್ನೂ ಕಲಿಸುವವಳು. ಆ ದೇಶದ ರಾಜಧಾನಿ, ನದಿ, ಬೆಳೆ ಎಲ್ಲ ಬಾಯಿಪಾಠ ಬರುತ್ತದೆ. ಇದು ಬರಲಿಲ್ಲ.

ಆಗಿನ ಒಂದು ಭಾನುವಾರ ಬೆಳಿಗ್ಗೆ ಬೊಳ್ಳಕ್ಕ ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದರು. ಕಾಫಿ ಹಣ್ಣು ಹರಡುವ ಮೊದಲು ಕಣ ಗಟ್ಟಿಯಾಗಬೇಕಲ್ಲ. ನಾನು ನೀರು ತಂದುಕೊಡುವ ನೆಪದಲ್ಲಿ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದೆ. ಆಗ ಕೇಳಿತು, ಒಂದು. ಕೂಡಲೇ ಇನ್ನೊಂದು. ನಮ್ಮ ಕೊಲ್ಲಿಯಲ್ಲಿ, ಅಂದರೆ ಗುಡ್ಡಗಳ ನಡುವಿನ ಈ ತಗ್ಗಿನಲ್ಲಿ, ಸದ್ದು ಈ ಗುಡ್ಡಕ್ಕೂ ಆ ಗುಡ್ಡಕ್ಕೂ ತಾಗಿ ಬರುವುದರಿಂದ ಎಲ್ಲಿಂದ ಬಂತೆಂದು ಹೇಳುವುದು ಕಷ್ಟ.

"ಯಾರೋ ಹೋದೊ ಪಾಪ," ಎಂದರು ಬೊಳ್ಳಕ್ಕ. "ಇದೊಂದ್ ಮೂಲೆ ಮುಗಿಸಿ ಕೈ ತೊಳ್ದ್ ಹೋಕು."

ಮೂಲೆ ಮುಗಿಯುವ ಮೊದಲೇ ಗದ್ದೆಯ ಬದುವಿನ ಮೇಲೆ ಜನ ಕಾಣಿಸಿದರು. ಒಬ್ಬರ ಹಿಂದೆ ಒಬ್ಬರು, ಬಿರುಸಾಗಿ, ನಮ್ಮ ಮನೆಯ ಕಡೆಗೇ. ಬಂದವರು ಅಂಗಳದ ಅಂಚಿನಲ್ಲಿ ನಿಂತುಬಿಟ್ಟರು. ಹಸಿ ಸೆಗಣಿಯ ಮೇಲೆ ಕಾಲಿಡುವುದು ಹೇಗೆ? ಬಂದ ಕಾರಣ ಹೇಳುವುದಾದರೂ ಹೇಗೆ? ಅವರೆಲ್ಲ ಬಂದದ್ದು ಗಣೇಶನ ಸಾವಿಗೆ. ಈ ದಿನಗಳಲ್ಲಿ, ಈ ಕೊಲ್ಲಿಯಲ್ಲಿ ಎರಡು ಗುಂಡು ಕೇಳಿದರೆ ಇನ್ಯಾವ ಮನೆ ಎಂದು ಯಾರಿಗೂ ಸಂಶಯ ಬಂದಿರಲಿಲ್ಲ. ಇಲ್ಲಿ ನೋಡಿದರೆ ತಾಯಿ ಅಂಗಳ ಸಾರಿಸುತ್ತಿದ್ದಾಳೆ.

"ಎಂತ, ಎಲ್ಲವೂ ಒಟ್ಟಿಗೆ?" ಬೊಳ್ಳಕ್ಕ ಸೊಂಟ ನೆಟ್ಟಗೆ ಮಾಡಿ ಕೇಳಿದರು.

"ಹಾರೆ ಉಟ್ಟಾ ಅಂತ ಬಂದೆ," ಎಂದರು ಪಕ್ಕದ ಮನೆಯ ಮುದುಕರು, ಹಾರೆ ಇದೆಯೇ ಎಂದು ಕೇಳಲು ಬಂದವರಂತೆ. ಅವರ ಹಿಂದಿದ್ದ ಹೆಂಗಸು, "ನಾ ಮಜ್ಜಿಗೆಗೆ," ಎಂದಳು. ಹೇಳುತ್ತಲೇ ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟಳು. ಮಜ್ಜಿಗೆಗೆ ಬಂದವರು ಅಳುವುದಿಲ್ಲ.

ಬೊಳ್ಳಕ್ಕನ ಮುಖ ಬದಲಾದದ್ದನ್ನು ನಾನು ಕಂಡೆ. ತನಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತಾಗಿದೆ, ಸುದ್ದಿ ಮೊದಲು ಊರಿಗೆ ಬಂದಿದೆ ಎಂದು ಅವರು ತಿಳಿದರು. ತಾವೇ ಸಾರಿಸಿದ ನೆಲವನ್ನು ತುಳಿದುಕೊಂಡು, ಹೆಜ್ಜೆಗಳನ್ನು ಒತ್ತಿಕೊಂಡು ಅವರ ಹತ್ತಿರ ನಡೆದರು. "ಹೇಳಿ," ಎಂದರು. ಒಳಗೆ ಶೈಲ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ನನಗೆ ಅಷ್ಟು ಭಯ ಜೀವನದಲ್ಲಿ ಹಿಂದೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಅಷ್ಟರಲ್ಲಿ ಕೆಳಗಿನ ಗದ್ದೆಯ ತಮ್ಮಯ್ಯ ಏದುಸಿರು ಬಿಡುತ್ತಾ ಓಡಿಬಂದ. ಊರೆಲ್ಲ ಬೊಳ್ಳಕ್ಕನ ಮನೆಗೆ ಓಡುವುದನ್ನು ಕಂಡು ಅವನೂ ಓಡಿದ್ದ. ಕಣ್ಣಲ್ಲಿ ನೀರು, ಹೆಗಲಲ್ಲಿ ಕೋವಿ. "ಗಣೇಶನಾ?" ಎಂದು ಕೇಳಿಯೇಬಿಟ್ಟ.

ಎಲ್ಲರೂ ಅವನ ಮುಖ ಬಿಟ್ಟು ಕೋವಿಯನ್ನು ನೋಡಿದರು.

"ತಮ್ಮಯ್ಯ," ಎಂದರು ಮುದುಕರು, "ನೀ ಈಗ ಎಲ್ಲಿಗೆ ಹೊಡ್ದೆ?"

"ಹಂದಿಗೆ. ಗದ್ದೆಲಿ ಇತ್ತ್."

"ಎಷ್ಟು?"

"ಒಂದಕ್ಕೆ ಅದ್ ಹೋಕೆ ಒಪ್ಪಿತ್ಲೆ, ಇನ್ನೊಂದ್..." ಎಂದವನು ಅಲ್ಲಿಗೆ ನಿಲ್ಲಿಸಿದ. ತಾನು ಓಡಿಬಂದದ್ದು ತನ್ನದೇ ಗುಂಡಿಗೆ ಎಂದು ಆಗ ಅವನ ತಲೆಗೆ ಹೋಯಿತು. ಕೋವಿಯನ್ನು ಬೇಲಿಗೆ ಒರಗಿಸಿ, ಹಸಿ ಸೆಗಣಿ ಎಂಬುದನ್ನೂ ನೋಡದೆ ಕೂತುಬಿಟ್ಟ.

ಮೊದಲು ಯಾರು ನಕ್ಕರೋ ತಿಳಿಯದು. ಶೈಲ ಇರಬೇಕು. ಆಮೇಲೆ ಎಲ್ಲರೂ ನಕ್ಕರು, ಅತ್ತರು, ಎರಡನ್ನೂ ಒಟ್ಟಿಗೆ ಮಾಡಿದರು. ಬೊಳ್ಳಕ್ಕ ಮಾತ್ರ ನಗಲಿಲ್ಲ. ಸೆಗಣಿಯ ಬಕೆಟ್ಟನ್ನು ತಮ್ಮಯ್ಯನ ಮುಂದಿಟ್ಟು, "ನೀನೇ ಸಾರಿಸ್," ಎಂದು ಹಿತ್ತಿಲ ನಲ್ಲಿಗೆ ಹೋದರು. ನಾನು ಹೋಗಿ ನೋಡಿದಾಗ ಕೈ ತೊಳೆಯುತ್ತಿದ್ದರು. ಸೆಗಣಿ ಹೋಗಿ ಎಷ್ಟೋ ಹೊತ್ತಾಗಿತ್ತು, ಇನ್ನೂ ತೊಳೆಯುತ್ತಲೇ ಇದ್ದರು. ನಾನು ನಲ್ಲಿ ನಿಲ್ಲಿಸಿ ಅವರ ಕೈಗಳನ್ನು ನನ್ನ ಸೆರಗಿನಲ್ಲಿ ಒರೆಸಿದೆ. ಆವತ್ತಿನಿಂದ ನಾನು ಬಾಡಿಗೆಯವಳಾಗಿ ಉಳಿಯಲಿಲ್ಲ.

ಆಮೇಲೆ ನಮ್ಮ ಕೊಲ್ಲಿಯಲ್ಲಿ ಕೋವಿಯ ಸದ್ದು ನಿಂತಿತು. ಯಾರೂ ಸಭೆ ಸೇರಿಸಲಿಲ್ಲ, ಯಾರೂ ಯಾರಿಗೂ ಹೇಳಲಿಲ್ಲ. ಹಂದಿಗಳಿಗೆ ಡಬ್ಬ ಬಡಿದರು, ಕೂಗಿದರು. ತಮ್ಮಯ್ಯ ಗದ್ದೆಯ ಅಟ್ಟಣೆಯಲ್ಲಿ ಕೂತು ಹಳೆಯ ಎಣ್ಣೆಯ ಟಿನ್ನು ಬಾರಿಸುತ್ತಿದ್ದ. ಅದಕ್ಕೆ ಹಂದಿಗಳು ಹೆದರಿದಂತೆ ಕಾಣಲಿಲ್ಲ. ಬೆಳೆದ ತೆನೆಯನ್ನು ತುಳಿದು, ತಿಂದು, ಹೊರಳಾಡಿ ಹೋದವು. ಕೋವಿ ಮನೆಯಲ್ಲೇ ಇರುವಾಗ ಹೀಗೆ ಗದ್ದೆ ಬಿಟ್ಟುಕೊಡುವುದೇ ಎಂದು ನಾನು ಕೇಳಿದ್ದಕ್ಕೆ, "ಭತ್ತ ಬರುವ ವರ್ಷ ಬೆಳ್ದದೆ ಟೀಚರೆ," ಎಂದ. ನನಗೆ ಆ ಮನುಷ್ಯನ ಮೇಲೆ ತುಂಬ ಪ್ರೀತಿ ಬಂತು.

ಗಣೇಶನ ಫೋನು ಮಾತ್ರ ಬರಲಿಲ್ಲ. ಶೈಲಳಿಗೆ ನೋವು ಕಾಣಿಸಿಕೊಂಡಾಗ ಬೊಳ್ಳಕ್ಕ ಅವಳನ್ನು ಜೀಪಿನಲ್ಲಿ ಮಡಿಕೇರಿಗೆ ಕರೆದೊಯ್ದರು. ಮನೆಯ ಬೀಗದ ಕೈ ನನ್ನ ಹತ್ತಿರ. ಮರುದಿನ ಮಧ್ಯಾಹ್ನ ಅವರ ಫೋನು.

"ಟೀಚರೆ, ಹೆಣ್ಣು. ಇಬ್ಬರೂ ಹುಷಾರ್ ಒಳೊ. ತಮ್ಮಯ್ಯನ ಕರೀರಿ, ನಮ್ಮ ಅಂಗಳಲ್ಲಿ ನಿಂತ್ ಒಂದ್ ಗುಂಡು ಹೊಡಿಲಿ."

ತಮ್ಮಯ್ಯ ಕೋವಿ ತಂದ, ಆದರೆ ಹಿಂದೆಮುಂದೆ ನೋಡಿದ. "ಹೆಣ್ಣಿಗೆ ಹೊಡಿಯುವ ಕ್ರಮ ಇಲ್ಲೆ ಅಕ್ಕ," ಎಂದು ನನ್ನ ಫೋನಿಗೇ ಹೇಳಿದ.

"ಕ್ರಮ ನಂಗೂ ಗೊತ್ತುಟ್ಟು," ಎಂದಿತು ಫೋನು. "ಈ ಕೊಲ್ಲಿಗೆ ಎರಡು ಕೇಳ್ಸಿದವ ನೀನ್. ಈಗ ಒಂದು ಕೇಳ್ಸ್."

ತಮ್ಮಯ್ಯ ಅಂಗಳದ ನಡುವೆ ಹೋಗಿ ನಿಂತ. ಜೋಡಿ ನಳಿಗೆಯ ಕೋವಿ. ಅಭ್ಯಾಸಬಲದಿಂದ ಎರಡೂ ತೋಟೆ ತುಂಬಿದ. ಮತ್ತೆ ಬಿಚ್ಚಿ, ಒಂದನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟ. "ಇದ್ ನಿಮ್ಮ ಕೈಲಿ ಇರ್ಲಿ. ನಂಗೆ ನನ್ನ ಬೆರಳಿನ ಮೇಲೆ ನಂಬಿಕೆ ಇಲ್ಲೆ."

ಆಕಾಶಕ್ಕೆ ಹೊಡೆದ. ಸದ್ದು ಈ ಗುಡ್ಡಕ್ಕೆ ತಾಗಿ, ಆ ಗುಡ್ಡಕ್ಕೆ ತಾಗಿ, ಅಡಗಿತು. ಗದ್ದೆಯಲ್ಲಿ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದವಳು ಹಾಗೇ ನಿಂತಳು. ಪಕ್ಕದ ಮನೆಯ ಮುದುಕರು ಹೊರಗೆ ಬಂದು ನಿಂತರು. ಇಡೀ ಕೊಲ್ಲಿ ಎರಡನೆಯದಕ್ಕೆ ಕಾಯುತ್ತಿತ್ತು. ಎರಡನೆಯದು ನನ್ನ ಮುಷ್ಟಿಯಲ್ಲಿತ್ತು. ಅಷ್ಟು ಬಿಗಿಯಾಗಿ ಹಿಡಿದಿದ್ದೆ, ಅದರ ಅಂಚು ಅಂಗೈಯಲ್ಲಿ ಮೂಡಿತ್ತು.

"ಒಂದೇನಾ?" ಮುದುಕರು ಕೂಗಿ ಕೇಳಿದರು.

"ಒಂದೇ!" ಎಂದು ಕೂಗಿದ ತಮ್ಮಯ್ಯ. ಹೊರೆಯವಳು ಮತ್ತೆ ನಡೆಯತೊಡಗಿದಳು.

ಬಾಣಂತಿ ಮನೆಗೆ ಬಂದ ಕೆಲವು ದಿನಗಳಿಗೆ ಗಣೇಶನ ಫೋನು ಬಂತು. ನಾನು ಮಗುವನ್ನು ಎತ್ತಿಕೊಂಡಿದ್ದೆ, ಅವನ ಸ್ವರ ಕೋಣೆಗೆಲ್ಲ ಕೇಳುವಂತೆ ಶೈಲ ಸ್ಪೀಕರ್ ಹಾಕಿದ್ದಳು. ಹೆಣ್ಣೆಂದು ತಿಳಿದು ನಕ್ಕ, ಯಾರ ಹಾಗಿದ್ದಾಳೆ ಎಂದು ಕೇಳಿದ. ಆಮೇಲೆ, "ಅವ್ವ, ಗುಂಡು ಹೊಡ್ದೊಳಾ?" ಎಂದ.

"ಹೊಡ್ದೊ ಮಗ. ಒಂದು."

"ಇಲ್ಲಿ ನಾನ್ ಗುಂಡು ಎಣಿಸುದನ್ನೇ ಬಿಟ್ಟಿದ್ದೆ ಅವ್ವ," ಎಂದ. ಬೊಳ್ಳಕ್ಕ ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದರು. ಅದು ಒಳ್ಳೆಯ ಹೊತ್ತಿಗೆ ಅತ್ತಿತು.

ತೋಟೆಯನ್ನು ಹಿಂದಿರುಗಿಸಲು ಹೋದೆ, ತಮ್ಮಯ್ಯ ತೆಗೆದುಕೊಳ್ಳಲಿಲ್ಲ. "ನಿಮ್ಮಲ್ಲೇ ಇರ್ಲಿ ಟೀಚರೆ. ಅಲ್ಲಿ ಇರೊವರೆಗೆ ಅದ್ ಹಾರಿಕೆ ಇಲ್ಲೆ ಅಲ್ಲ," ಎಂದ. ಇಷ್ಟು ವರ್ಷವಾದರೂ ಅವನು ಹಂದಿಗೆಂದು ಒಂದೇ ತೋಟೆ ತುಂಬುತ್ತಾನೆ. ಒಂದಕ್ಕೆ ಹೋಗದ ಹಂದಿಗೆ ಟಿನ್ನೇ ಗತಿ.

ಇವತ್ತು ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ, ಕೆಳಗೆ ಗಣೇಶನ ಮಗಳು ಶಾಲೆಗೆ ಹೊರಡುತ್ತಾ ಮಗ್ಗಿ ಹೇಳುತ್ತಿದ್ದಳು. ಗಣೇಶ ಮತ್ತೆ ಅದೇ ಗಡಿಯಲ್ಲಿದ್ದಾನೆ, ಮೊನ್ನೆಯಿಂದ ಫೋನಿಲ್ಲ. ಆಗ ಗದ್ದೆಯ ಕಡೆಯಿಂದ ಒಂದು ಗುಂಡು ಕೇಳಿತು. ಮಗುವಿನ ಮಗ್ಗಿ ನಿಂತಿತು. ಅಡುಗೆಮನೆಯ ಪಾತ್ರೆಯ ಸದ್ದು ನಿಂತಿತು. ನಾನೂ ನಿಂತೆ, ಈ ಊರಿನಲ್ಲೇ ಹುಟ್ಟಿದವಳ ಹಾಗೆ, ತೋಟೆಯನ್ನು ಅಂಗೈಯಲ್ಲಿ ಬಿಗಿಯಾಗಿ ಮುಚ್ಚಿ.

"ಟೀಚರೆ," ಕೆಳಗಿನಿಂದ ಬೊಳ್ಳಕ್ಕನ ಸ್ವರ ಬಂತು, "ಒಂದೇ ಅಲ್ಲಾ?"

"ಒಂದೇ ಅಕ್ಕ."

"ಹಂಗಾರೆ ಬನ್ನಿ. ಕಾಫಿ ತಣಿತುಟ್ಟು."

ತೋಟೆಯನ್ನು ಖಾನೆಯ ಹಿಂದಿನ ಮೂಲೆಗೆ ತಳ್ಳಿ ಮುಚ್ಚಿದೆ. ಪಿನ್ನು ಕೊನೆಗೂ ಸಿಗಲಿಲ್ಲ. ಸೆರಗನ್ನು ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದೆ.