ಅಕ್ಕೋರ ಒಳಚಿಲಕ

ಹಳೆಯ ಸಾಗವಾನಿ ಬಾಗಿಲಿಗೆ ಗಿರಮಿಟ್ಟು ಹಚ್ಚಿ ತೂತು ಕೊರೆಯುವಾಗ ಒಂದು ವಾಸನೆ ಬರುತ್ತದೆ. ಸ್ವಲ್ಪ ಎಣ್ಣೆ, ಸ್ವಲ್ಪ ಧೂಳು. ಮೊನ್ನೆ ನಾಲ್ಕನೆಯ ಕೋಣೆಯ ಬಾಗಿಲ ಮುಂದೆ ಕುಳಿತಾಗ ಆ ವಾಸನೆ ಮೂಗಿಗೆ ಬಡಿದು ನನ್ನ ಕೈ ಅಲ್ಲಿಯೇ ನಿಂತಿತು. ಐದು ವರ್ಷದ ಹಿಂದೆ ಇದೇ ಬಾಗಿಲಿಗೆ ಒಳಚಿಲಕ ಕೂಡ್ರಿಸಿದವನು ನಾನೇ. ಪಕ್ಕದಲ್ಲಿ ನಿಂತು ಕೂಡ್ರಿಸಿಕೊಂಡವರು ನಮ್ಮ ಅಕ್ಕೋರು...

ನಾಲ್ಕನೆಯ ಇಯತ್ತೆಯಲ್ಲಿ ನನಗೆ ಕಲಿಸಿದವರು ಅವರು. ಲಕ್ಷ್ಮೇಶ್ವರದ ಇದೇ ಶಾಲೆ, ಇದೇ ಕೋಣೆ. ಹಾಜರಿ ಕರೆದರೆ ಗಟ್ಟಿಯಾಗಿ ‘ಅದೀನ್ರಿ’ ಅನ್ನಬೇಕಿತ್ತು. ಸಣ್ಣ ದನಿಯಲ್ಲಿ ಅಂದರೆ ಎದುರಿಗೆ ಕುಳಿತಿದ್ದರೂ ಗೈರುಹಾಜರಿ ಬರೆದೇ ಬಿಡುತ್ತಿದ್ದರು. ಹಾಗೆ ಎಷ್ಟೋ ದಿನ ಶಾಲೆಯಲ್ಲಿದ್ದೂ ಶಾಲೆ ತಪ್ಪಿಸಿದವನು ನಾನು.

ಕಲ್ಲು ಗೋಡೆಯ ಆ ಕಟ್ಟಡ ನನ್ನ ಅಜ್ಜನ ಕಾಲದ್ದು. ಮಕ್ಕಳು ಹೊಸ ಶಾಲೆಗೆ ಹೋದ ಮೇಲೆ ಅದನ್ನು ಕೆಡವಿ ಅಂಗಡಿ ಸಾಲು ಕಟ್ಟುವ ಮಾತೆದ್ದಿತು. ಅಷ್ಟೊತ್ತಿಗೆ ಅಕ್ಕೋರು ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದವು. ಕೊಡೆ ಹಿಡಿದು ತಮ್ಮ ಹಳೆಯ ವಿದ್ಯಾರ್ಥಿಗಳ ಮನೆ ಮನೆ ತಿರುಗಿ ಸಹಿ ಮಾಡಿಸಿದರು. ವಯಸ್ಸಾದ ಬಡವರಿಗೆ ಅಲ್ಲಿ ಸಣ್ಣ ಬಾಡಿಗೆಯ ಮನೆಗಳಾಗಬೇಕೆಂದು ಅವರ ಹಟ. ಕೊನೆಗೆ ಶಾಲೆಯ ಕಮಿಟಿ ಒಪ್ಪಿತು. ಒಂದೊಂದು ವರ್ಗಕೋಣೆ ಒಂದೊಂದು ಮನೆಯಾಯಿತು, ನಡುವೆ ಅಡ್ಡಗೋಡೆ ಎದ್ದಿತು. ಒಂದು ಒಲೆಕಟ್ಟೆ, ಒಂದು ಬಚ್ಚಲು. ಅಡರಕಟ್ಟಿಯ ಹೊಲಗಳಲ್ಲಿ ಕಳೆ ತೆಗೆದು ಬೆನ್ನು ಬಾಗಿದ ಒಬ್ಬ ಆಯಿ, ಬೆಟಗೇರಿಯ ನೇಕಾರ ದಂಪತಿ, ಬಡಗಿಯಾದ ನಾನು, ಇನ್ನೂ ಕೆಲವರು ಬಂದು ಸೇರಿದೆವು. ನಾಲ್ಕನೆಯ ಕೋಣೆಯನ್ನು ಅಕ್ಕೋರೇ ಹಿಡಿದರು. ಕಮಿಟಿಯವರು ಕಟ್ಟಡದ ಮುಂಬಾಗಿಲಿಗೆ ‘ವೃದ್ಧಾಶ್ರಮ’ ಎಂಬ ಬೋರ್ಡು ತೂಗುಹಾಕಿಸಿದ್ದರು. ಅಕ್ಕೋರು ಅದನ್ನು ಇಳಿಸಿ, ತಪ್ಪು ಮಾಡಿದ ಹುಡುಗನನ್ನು ನಿಲ್ಲಿಸಿದ ಹಾಗೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ನಾವು ಬಾಡಿಗೆ ಕೊಟ್ಟು ಇರುವವರು, ಆಶ್ರಯ ಬೇಡಿ ಬಂದವರಲ್ಲ ಎಂದರು.

ಶಾಲೆಯ ಬಾಗಿಲಿಗೆ ಚಿಲಕ ಹೊರಗೆ ಮಾತ್ರ ಇರುತ್ತದೆ. ಆಯುಷ್ಯವಿಡೀ ಬಾಗಿಲು ಮಾಡಿದ ನನಗೇ ಇದು ಹೊಳೆದಿರಲಿಲ್ಲ, ಅಕ್ಕೋರಿಗೆ ಹೊಳೆಯಿತು. ಒಳಗೂ ಚಿಲಕ ಬೇಕೆಂದರು. ಗದಗಿನಿಂದ ಬಂದಿದ್ದ ಇಂಜಿನಿಯರು ಒಪ್ಪಲಿಲ್ಲ. ಮುದುಕರು ಒಳಗೆ ಬಿದ್ದುಗಿದ್ದರೆ ಬಾಗಿಲು ತೆಗೆಯುವವರು ಯಾರು ಎಂದು ಅವನ ವಾದ. ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ಹೊರಗಷ್ಟ ಚಿಲಕ ಇದ್ದರ ಅದು ಸಾಲಿ, ಇಲ್ಲಾ ದನದ ಕೊಟಗಿ. ಒಳಗ ಇದ್ದರ ಮನಿ. ನಾವು ಮನಿ ಅಂತ ಬಂದೇವ್ರಿ.”

ಆಮೇಲೆ ನನ್ನ ಕಡೆ ತಿರುಗಿ, “ನೀ ಏನ್ ನೋಡ್ತಿ ಲೇ, ಹಾಕು,” ಎಂದರು. ಹಾಕಿದೆ. ಎಲ್ಲ ಬಾಗಿಲಿಗೂ ಹಾಕಿದೆ. ಅಡರಕಟ್ಟಿಯ ಆಯಿ ಅಂದು ಮಧ್ಯಾಹ್ನ ಚಿಲಕ ಹಾಕಿಕೊಂಡು ಮಲಗಿ ಎದ್ದು, ಹುಟ್ಟಿದಾಗಿನಿಂದ ಇಷ್ಟು ನಿಶ್ಚಿಂತೆಯಿಂದ ಮಲಗಿರಲಿಲ್ಲ ಎಂದಳು.

ಹೋದ ತಿಂಗಳು ಒಂದು ಬೆಳಿಗ್ಗೆ ಅಕ್ಕೋರ ಬಾಗಿಲು ತೆರೆಯಲಿಲ್ಲ. ಚಿಲಕ ಹಾಕಿಕೊಂಡು ಮಲಗಿದ್ದಾರೆ ಅಂದುಕೊಂಡೆವು. ನೀರು ತರಲು ನಾನು ಎರಡು ಸಲ ಆ ಬಾಗಿಲ ಮುಂದೆಯೇ ಹಾದುಹೋದೆ... ಊಟದ ಹೊತ್ತಾದಾಗ ಹೆದರಿಕೆಯಾಯಿತು. ಬಾಗಿಲು ಒಡೆಯಲೆಂದು ಉಳಿ, ಸುತ್ತಿಗೆ ತಂದು ಭುಜ ಆನಿಸಿದೆ, ಅದು ತಾನಾಗಿ ತೆರೆದುಕೊಂಡಿತು. ಚಿಲಕ ಹಾಕಿಯೇ ಇರಲಿಲ್ಲ. ಅಕ್ಕೋರು ಒಲೆಕಟ್ಟೆಯ ಬುಡದಲ್ಲಿ ಬಿದ್ದಿದ್ದರು. ಮೈ ತಣ್ಣಗಾಗಿತ್ತು.

ದಿನಕರ್ಮ ಮುಗಿಯುವ ಮೊದಲೇ ಒಳಚಿಲಕಗಳನ್ನೆಲ್ಲ ತೆಗೆಸಬೇಕೆಂದು ಕಮಿಟಿ ಠರಾವು ಮಾಡಿತು. ಅಕ್ಕೋರ ಬಾಗಿಲಿನದನ್ನು ಅಂದೇ ಕಿತ್ತು ಮೂಲೆಗೆ ಎಸೆದರು. ಉಳಿದವನ್ನು ನನ್ನ ಕೈಯಿಂದಲೇ ತೆಗೆಸುವ ವಿಚಾರ, ಹೇಗೂ ಬಡಗಿ ಇಲ್ಲೇ ಇದ್ದಾನಲ್ಲ. ನನಗೆ ಮೈ ಉರಿದುಹೋಯಿತು.

“ಚಿಲಕ ಹಾಕಿರಲಿಲ್ರಿ,” ಎಂದೆ ಕಮಿಟಿಯ ಅಧ್ಯಕ್ಷರಿಗೆ. “ನಾವು ಯಾರೂ ತಟ್ಟಿ ನೋಡಲಿಲ್ಲ. ತಪ್ಪು ನಮ್ಮದೈತಿ, ಕಬ್ಬಿಣದ್ದಲ್ಲ. ನಾ ತೆಗಿಯೂದಿಲ್ಲ.”

ಹಾಗಾದರೆ ನನ್ನ ಕೋಣೆ ಖಾಲಿ ಮಾಡಿಸಬೇಕಾಗುತ್ತದೆ ಎಂದರು ಅವರು.

“ಮಾಡಸ್ರಿ. ಒಳಗಿಂದ ಚಿಲಕ ಹಾಕ್ಕೊಂಡು ಕುಂತಿರತೀನಿ.”

ಹಿಂದೆ ನಿಂತಿದ್ದ ಅಡರಕಟ್ಟಿಯ ಆಯಿ ತನ್ನ ಕೋಣೆಯೊಳಗೆ ಹೋಗಿ ಎಲ್ಲರಿಗೂ ಕೇಳುವಂತೆ ಚಿಲಕ ಹಾಕಿದಳು. ಅದರ ಹಿಂದೆ ನೇಕಾರರ ಬಾಗಿಲು, ಮತ್ತೊಂದು, ಮತ್ತೊಂದು. ಅಧ್ಯಕ್ಷರು ಪಡಸಾಲೆಯ ಮುಚ್ಚಿದ ಬಾಗಿಲುಗಳನ್ನೆಲ್ಲ ಒಮ್ಮೆ ನೋಡಿ ಹೊರಟುಹೋದರು. ಠರಾವು ಇನ್ನೂ ಹಾಗೆಯೇ ಇದೆ, ಚಿಲಕಗಳೂ ಇವೆ.

ಮೊನ್ನೆ ನಾನು ಗಿರಮಿಟ್ಟು ಹಿಡಿದು ಕುಳಿತದ್ದು ಅಕ್ಕೋರ ಚಿಲಕವನ್ನು ಮರಳಿ ಕೂಡ್ರಿಸಲು. ಹಳೆಯ ತೂತುಗಳು ಸಡಿಲಾಗಿದ್ದವು, ಹೊಸದಾಗಿ ಕೊರೆದೆ. ಅಲ್ಲಿಗೆ ಬರುವವರು ಯಾರೇ ಇರಲಿ, ಅವರಿಗೆ ಸಿಗುವುದು ಮನೆಯೇ.

ಈಗ ದಿನಾ ಬೆಳಿಗ್ಗೆ ಪಡಸಾಲೆಯುದ್ದಕ್ಕೂ ಒಂದೊಂದೇ ಬಾಗಿಲು ತಟ್ಟುತ್ತ ಹೋಗುತ್ತೇನೆ. ಯಾರೂ ಚಿಲಕ ತೆಗೆಯಬೇಕಾಗಿಲ್ಲ, ಒಳಗಿಂದ ‘ಅದೀನ್ರಿ’ ಅಂದರೆ ಸಾಕು. ದನಿ ಸಣ್ಣದಾದರೆ ಮತ್ತೆ ತಟ್ಟುತ್ತೇನೆ, ಬೈಸಿಕೊಳ್ಳುತ್ತೇನೆ. ನಾಲ್ಕನೆಯ ಕೋಣೆಗೆ ಇನ್ನೂ ಯಾರೂ ಬಂದಿಲ್ಲ. ಆದರೂ ಕೈ ಅದನ್ನೂ ತಟ್ಟಿಯೇ ಮುಂದೆ ಹೋಗುತ್ತದೆ. ತಟ್ಟಬೇಕಾದ ದಿನ ತಟ್ಟಲಿಲ್ಲ.